ಗಂಟಲು ಸಂಘ

ಆ ಮನೆಯಲ್ಲಿ ಇದ್ದವರು ನಾಲ್ಕೇ ಜನ. ನಾಲ್ವರಿಗೂ ಬೇರೆ ಬೇರೆ ಹೊತ್ತು, ಬೇರೆ ಬೇರೆ ಅವಸರ. ಬಚ್ಚಲುಮನೆ ಮಾತ್ರ ಒಂದೇ. ಹಾಗಾಗಿ ಜಗಳಗಳೆಲ್ಲ ಸಾಮಾನ್ಯವಾಗಿ ಅಲ್ಲೇ ಹುಟ್ಟಿ, ಅಡುಗೆಮನೆಯಲ್ಲಿ ಬೆಳೆದು, ಊಟದ ಹೊತ್ತಿಗೆ ಕೈಗೆ ಬಂದು ನಿಲ್ಲುತ್ತಿದ್ದವು.

"ಯಾರೇ ಇದು, ಬಚ್ಚಲಲ್ಲಿ ಡೋಲು ತಂದಿಟ್ಟಿರೋದು?"

"ಅಮ್ಮಾ, ಅದು ಸಂಘದ್ದು! ನೀರು ತಾಗಿಸ್ಬೇಡ!"

"ಬಚ್ಚಲಲ್ಲಿಟ್ಟು ನೀರು ತಾಗಿಸ್ಬೇಡ ಅಂದ್ರೆ ನಾನೇನು ಗಾಳೀಲಿ ಸ್ನಾನ ಮಾಡ್ಲಾ?"

ಕೂಗಿದವಳು ಮನೆಯೊಡತಿ. ಬೀದಿಯವರಿಗೆ ಅವಳು ಇಸ್ತ್ರಿಯಮ್ಮ. ಮೂಲೆಯ ಲಾಂಡ್ರಿಯಲ್ಲಿ ಹದಿನೆಂಟು ವರ್ಷದಿಂದ ಊರವರ ಕಲೆ ತೆಗೆದು, ಸುಕ್ಕು ತೀಡಿ ಬಂದವಳು. ಅಂಗಿಯ ಕಲೆ ನೋಡಿ ಮನೆಯ ಜಗಳ ಹೇಳಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದಳು. ಅವಳ ಗಂಡನಿಗೆ ವಾರದ ಆರು ದಿನ ಮನೆ ಮನೆಯ ನೀರಿನ ಮೀಟರ್ ಓದುವ ಕೆಲಸ. ಏಳನೆಯ ದಿನ ಅವನು ಫುಟ್‌ಬಾಲ್ ರೆಫರಿ. ಆರು ದಿನದ ಕೆಲಸ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಸೀಟಿ ಮಾಸ್ತರ. ಮಗಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಕೂಗುವವಳು. ಮಾಸ್ತರನ ತಾಯಿ, ಅಂದರೆ ಅಜ್ಜಿ, ನಲವತ್ತು ವರ್ಷ ತಳ್ಳುಗಾಡಿಯಲ್ಲಿ ತರಕಾರಿ ಮಾರಿ ಈಗ ಮನೆಯಲ್ಲಿ ಕೂತು ಕಿವಿ ಮಂದವಾಗಿದೆ ಎಂದು ನಟಿಸುವವಳು. ತನಗೆ ಬೇಕಾದ್ದು ಮಾತ್ರ ಪಕ್ಕದ ಬೀದಿಯಿಂದಲೂ ಕೇಳಿಸುತ್ತಿತ್ತು.

ಸಂಘ ಎಂದರೆ ಮಗಳ ಸಂಘ. ಆ ವರ್ಷವೇ ಸುತ್ತಲಿನ ನಾಲ್ಕು ಬೀದಿಯ ಹುಡುಗರು ಸೇರಿ ಒಂದು ಫುಟ್‌ಬಾಲ್ ಕ್ಲಬ್ ಕಟ್ಟಿದ್ದರು. ಟೈರಂಗಡಿಯವನೊಬ್ಬ, ಬೇಕರಿಯವರಿಬ್ಬರು, ಬಾಗಿಲು ಕಾಯುವ ಕಾವಲುಗಾರನೇ ಗೋಲೂ ಕಾಯುವವನು. ಕಿತ್ತಳೆ ಬಣ್ಣದ ಅಂಗಿ. ಅವರ ಮೊದಲ ಪಂದ್ಯಕ್ಕೆ ಬಂದವರು ಏಳು ಜನ ಮತ್ತು ಒಂದು ನಾಯಿ. ನಾಯಿ ಅರ್ಧಕ್ಕೇ ಎದ್ದುಹೋಯಿತು. ಆ ಏಳರಲ್ಲಿ ಒಬ್ಬಳಾದ ಮಗಳು ಮನೆಗೆ ಬಂದವಳೇ ತಟ್ಟೆ ದೂಡಿದಳು.

"ಗೋಲು ಹೊಡೆದ್ರೆ ಚಪ್ಪಾಳೆ ತಟ್ಟೋಕೂ ಜನ ಇಲ್ಲ. ಯಾರಿಗೋಸ್ಕರ ಓಡ್ಬೇಕು ಅವ್ರು?"

"ಊಟದ ಮೇಲೆ ಯಾಕೆ ಸಿಟ್ಟು? ತಿನ್ನು," ಎಂದಳು ಇಸ್ತ್ರಿಯಮ್ಮ.

"ನಾನೊಂದು ಸಂಘ ಕಟ್ತೀನಿ. ಕೂಗೋರ ಸಂಘ."

ಅಜ್ಜಿಗೆ ಇದು ಸ್ಪಷ್ಟವಾಗಿ ಕೇಳಿಸಿತು. "ಕೂಗೋದು ಅಂದ್ರೆ ತಮಾಷೆ ಅಂದ್ಕೊಂಡ್ಯೇನೇ? ಗಂಟಲಿಂದ ಕೂಗಿದ್ರೆ ಒಂದು ಬೀದಿ. ಹೊಟ್ಟೆಯಿಂದ ಕೂಗಿದ್ರೆ ಊರು. ಮೈಕು ಹಿಡ್ಕೊಂಡು ಪಿಸುಗುಟ್ಟೋಳಿಗೆ ಏನು ಗೊತ್ತು?"

"ಹಾಗಿದ್ರೆ ಹೇಳ್ಕೊಡಿ ಅಜ್ಜಿ."

ಅಲ್ಲಿಗೆ ಮನೆಯ ನೆಮ್ಮದಿ ಗಂಟುಮೂಟೆ ಕಟ್ಟಿತು. ಸಂಜೆಯಾದರೆ ನಡುಮನೆಯಲ್ಲಿ ಹತ್ತು ಜನ, ಮುಂದಿನ ವಾರ ಇಪ್ಪತ್ತು, ಆಮೇಲೆ ಮೆಟ್ಟಿಲ ಮೇಲೂ ಕೂತರು. ಅಜ್ಜಿ ಎಲ್ಲರ ಹೊಟ್ಟೆಯ ಮೇಲೆ ಕೈಯಿಟ್ಟು, "ಇಲ್ಲಿಂದ ಬರ್ಲಿ, ಇಲ್ಲಿಂದ!" ಎಂದು ಪಾಠ ಹೇಳಿದಳು. ಸಂಘಕ್ಕೆ ಹೆಸರಿಟ್ಟವಳೂ ಅವಳೇ: ಗಂಟಲು ಸಂಘ. ಅವರ ಘೋಷಣೆ ಹುಟ್ಟಿದ್ದೂ ಅವಳ ಹಳೆಯ ತಳ್ಳುಗಾಡಿಯಿಂದಲೇ: "ಬಂತು ಬಂತು, ತಾಜಾ ಬಂತು! ಒಂದು ಗೋಲು ತಗೊಳ್ಳಿ, ಇನ್ನೊಂದು ಕೊಸರು!"

ಇಸ್ತ್ರಿಯಮ್ಮ ಇಡೀ ದಿನ ನಿಂತು ಬಂದು, ಇಷ್ಟು ಜನರಿಗೆ ಚಹಾ ಕುದಿಸಿ, ಅವರ ಬಾವುಟಗಳಿಗೆ ಅಂಚು ಹೊಲಿದು, ಗೊಣಗಿದಳು. ಮಾಸ್ತರ ಮಾತ್ರ ಮೂಲೆಯಲ್ಲಿ ಕೂತು ತನ್ನ ಬೂಟಿಗೆ ಪಾಲಿಶ್ ಹಾಕುತ್ತಿದ್ದ.

"ರೀ, ನೀವಾದ್ರೂ ಒಂದು ಮಾತು ಹೇಳಬಾರದಾ?"

"ಕೂಗ್ಲಿ ಬಿಡು. ನನಗೆ ಬೈಯದಿದ್ರೆ ಆಯ್ತು."

"ತಪ್ಪು ಸೀಟಿ ಊದಿದ್ರೆ ಬೈಯ್ತೀವಿ ಅಪ್ಪ," ಎಂದಳು ಮಗಳು.

"ಇಪ್ಪತ್ತೆರಡು ವರ್ಷದಲ್ಲಿ ಊದಿಲ್ಲ."

"ಈ ವರ್ಷ ಇನ್ನೂ ಮುಗಿದಿಲ್ವಲ್ಲ!"

ಮಾಸ್ತರ ನಕ್ಕ. ಆ ವರ್ಷ ಅವನಿಗೆ ನಗು ಸುಲಭವಾಗಿ ಬರುತ್ತಿತ್ತು, ಕಾರಣವೂ ಇತ್ತು. ಐವತ್ತು ತುಂಬಿದ ರೆಫರಿ ಸೀಟಿ ಕೆಳಗಿಡಬೇಕು ಎಂಬುದು ಅಲ್ಲಿಯ ನಿಯಮ; ಅವನಿಗೆ ಆ ವರ್ಷದ ಪಂದ್ಯಾವಳಿ ಮುಗಿದ ವಾರವೇ ಐವತ್ತು ತುಂಬುತ್ತಿತ್ತು. ಇಪ್ಪತ್ತೆರಡು ವರ್ಷ ಬಿಸಿಲು, ಕೆಸರು, ಬೈಗುಳ ಎಲ್ಲ ತಿಂದಿದ್ದ, ಆದರೆ ಒಮ್ಮೆಯೂ ಫೈನಲ್ ಪಂದ್ಯ ಅವನ ಪಾಲಿಗೆ ಬಂದಿರಲಿಲ್ಲ. ಈ ಸಲ ರೆಫರಿ ಮಂಡಳಿಯ ಕಾರ್ಯದರ್ಶಿ ಬೆನ್ನು ತಟ್ಟಿ, "ಫೈನಲ್ ನಿಮ್ದೇ ಮಾಸ್ತರೇ, ಊದಿ ಮುಗಿಸಿ," ಎಂದಿದ್ದರು. ಅವತ್ತು ಅವನು ಮನೆಗೆ ಬಂದು ಹೆಂಡತಿಯ ಪಕ್ಕ ಕೂತು, ಕೇಳದೆಯೇ ಆಲೂಗಡ್ಡೆ ಸಿಪ್ಪೆ ಸುಲಿದುಕೊಟ್ಟ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅದು ಎರಡನೆಯ ಸಲ.

ಎಡವಟ್ಟು ಆದದ್ದು ಒಂದು ಶನಿವಾರ ಸಂಜೆ.

ಹಿಂದಿನ ಪಂದ್ಯದಲ್ಲಿ ಬಾವುಟಗಳೆಲ್ಲ ಕೆಸರಾಗಿದ್ದವು. ಮಗಳು ನಲವತ್ತು ಬಾವುಟ ತಂದು ಟಬ್ಬಿಗೆ ಸುರಿದಳು. "ಹೊಸ ಬಟ್ಟೆ, ಅಗ್ಗದ ಬಣ್ಣ. ಮೊದಲ್ನೇ ಒಗೆತ ಉಪ್ಪು ನೀರಲ್ಲಿ, ಬೇರೆಯಾಗಿ!" ಎಂದು ಇಸ್ತ್ರಿಯಮ್ಮ ಅಡುಗೆಮನೆಯಿಂದಲೇ ಎಚ್ಚರಿಸಿದ್ದಳು. "ಹ್ಞೂಂ ಹ್ಞೂಂ" ಎಂದ ಮಗಳು ಉಪ್ಪನ್ನೂ ಹಾಕಲಿಲ್ಲ, ನೆನಪನ್ನೂ ಇಟ್ಟುಕೊಳ್ಳಲಿಲ್ಲ. ಬಾವುಟ ಹಿಂಡಿ ಒಣಹಾಕಿ, ಆ ನೀರನ್ನು ಚೆಲ್ಲದೆ ಸಭೆಗೆ ಓಡಿದಳು. ಬಚ್ಚಲ ಬಲ್ಬು ಮೂರು ದಿನದಿಂದ ಕೆಟ್ಟಿತ್ತು. ಇಸ್ತ್ರಿಯಮ್ಮ ಮಬ್ಬಿನಲ್ಲಿ ಬಂದು, ನಡುಮನೆಯ ಡೋಲಿನ ಸದ್ದಿಗೆ ಬೈಯುತ್ತ, ಗಂಡನ ರೆಫರಿ ಅಂಗಿಯನ್ನು ಅದೇ ಟಬ್ಬಿಗೆ ಹಾಕಿ ಸೋಪು ಸುರಿದಳು. ಕಪ್ಪು ಅಂಗಿ, ಬಿಳಿ ಕಾಲರು.

ಬೆಳಿಗ್ಗೆ ಇಸ್ತ್ರಿ ಮಾಡುವಾಗ ನೋಡಿದರೆ ಕಾಲರಿನ ತುಂಬ ಕಿತ್ತಳೆ ಛಾಯೆ. ಇರುವುದೊಂದೇ ಅಂಗಿ, ಪಂದ್ಯಕ್ಕೆ ಇನ್ನೊಂದು ಗಂಟೆ. ಹೇಳಲು ಬಾಯಿ ತೆರೆದಳು. ಹದಿನೆಂಟು ವರ್ಷ ಊರವರಿಗೆ ಬಣ್ಣ ಬಿಡುವ ಬಟ್ಟೆಯ ಬಗ್ಗೆ ಬುದ್ಧಿ ಹೇಳಿದವಳಿಗೆ ತನ್ನ ಮನೆಯ ಟಬ್ಬು ಕಾಣಲಿಲ್ಲ ಎಂದು ಹೇಗೆ ಹೇಳುವುದು? ಬಿಸಿಲಿಗೆ ಯಾರಿಗೆ ಕಾಣುತ್ತದೆ ಬಿಡು ಎಂದು ತನಗೇ ಸಮಾಧಾನ ಹೇಳಿಕೊಂಡು, ಕಾಲರನ್ನು ಒಳಕ್ಕೆ ಮಡಿಸಿ ಚೀಲದಲ್ಲಿಟ್ಟುಕೊಟ್ಟಳು. ಮಾಸ್ತರ ಮೈದಾನದಲ್ಲಿ ಆತುರಾತುರವಾಗಿ ಅಂಗಿ ತೊಟ್ಟ. ತನ್ನ ಕಾಲರು ತನಗೆ ಕಾಣುವುದಿಲ್ಲವಲ್ಲ.

ಆ ದಿನದ ಪಂದ್ಯ ಕಿತ್ತಳೆ ಕ್ಲಬ್ಬಿನದೇ. ಸಂಬಂಧ, ನೆಂಟಸ್ತಿಕೆ ಎಂದು ನೋಡುತ್ತ ಕೂತರೆ ಐದೇ ಜನ ರೆಫರಿಗಳಿದ್ದ ಆ ಊರಲ್ಲಿ ಪಂದ್ಯವೇ ನಡೆಯುತ್ತಿರಲಿಲ್ಲ. ಅದುವರೆಗೆ ಯಾರೂ ಕೇಳಿಯೂ ಇರಲಿಲ್ಲ. ಆದರೆ ಕೊನೆಯ ಗಳಿಗೆಯಲ್ಲಿ ಎದುರು ತಂಡದವನೊಬ್ಬ ಚೆಂಡನ್ನು ಕೈಯಲ್ಲಿ ತಡೆದ, ಮಾಸ್ತರ ಪೆನಾಲ್ಟಿ ಕೊಟ್ಟ, ಕಿತ್ತಳೆಯವರು ಗೆದ್ದರು. ಕೈ ತಾಗಿದ್ದನ್ನು ಮೈದಾನವೆಲ್ಲ ನೋಡಿತ್ತು. ಆದರೂ ಎದುರು ತಂಡದ ಕೋಚ್ ಓಡಿಬಂದು ಮಾಸ್ತರನ ಕುತ್ತಿಗೆಗೆ ಬೆರಳು ತೋರಿಸಿದ: "ನೋಡ್ರಪ್ಪಾ ನೋಡ್ರಿ, ರೆಫರಿ ಕಾಲರಿಗೇ ಬಣ್ಣ ಬಳ್ಕೊಂಡು ಬಂದಿದಾನೆ!"

ಇನ್ನೂರು ಜನ ನಕ್ಕರು. ಮಾಸ್ತರ ಕಾಲರನ್ನು ಎಳೆದು ನೋಡಿಕೊಂಡ.

ಮನೆಗೆ ಬಂದು ಅವನು ಬೈದಿದ್ದರೆ ಚೆನ್ನಾಗಿತ್ತು. ಅಂಗಿ ತೆಗೆದು ಕುರ್ಚಿಯ ಮೇಲೆ ಹಾಕಿ, "ನಿಂಗೆ ಗೊತ್ತಿತ್ತಾ?" ಎಂದಷ್ಟೇ ಕೇಳಿದ.

"ಗೊತ್ತಿತ್ತು ರೀ. ಬೆಳಿಗ್ಗೆ ನೋಡ್ದೆ."

"ಹೇಳಿದ್ರೆ ಯಾರದ್ದಾದ್ರೂ ಅಂಗಿ ಇಸ್ಕೋತಿದ್ದೆ."

ಇಷ್ಟೇ ಮಾತು. ಅವಳು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುತ್ತ ಅತ್ತಳು. ಈರುಳ್ಳಿ ಇದ್ದದ್ದು ಅನುಕೂಲವಾಯಿತು.

ಮಂಡಳಿಯವರು ವಿಚಾರಣೆ ನಡೆಸಿದರು. ಪೆನಾಲ್ಟಿ ಸರಿಯೇ, ಮಾಸ್ತರರು ಅಪರಂಜಿ ಎಂದರು. ಆದರೆ ಮಗಳು ಸಂಘದ ಮುಂದಾಳು, ಕಾಲರಿನ ಮೇಲೆ ಕ್ಲಬ್ಬಿನ ಬಣ್ಣ. ಜನರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಇನ್ನು ಮುಂದೆ ಕಿತ್ತಳೆ ಕ್ಲಬ್ಬಿನ ಪಂದ್ಯಗಳಿಗೆ ಅವರು ಬೇಡ. "ಫೈನಲ್ ಏನೂ ಹೋಗಲ್ಲ ಮಾಸ್ತರೇ," ಎಂದು ಕಾರ್ಯದರ್ಶಿ ನಕ್ಕರು, "ನಿನ್ನೆ ಮೊನ್ನೆ ಹುಟ್ಟಿದ ಕ್ಲಬ್ಬು ಫೈನಲ್‌ಗೆ ಬಂದ್ರೆ ತಾನೇ!"

ಇದನ್ನು ಮಾಸ್ತರ ಹೆಂಡತಿಗೆ ಮಾತ್ರ ಹೇಳಿದ. "ಮಗಳಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಅವಳ ಗಂಟಲು ಕಟ್ಟಿಹೋಗುತ್ತೆ."

ಮೂರು ವಾರ ಇಸ್ತ್ರಿಯಮ್ಮ ಆ ಗುಟ್ಟನ್ನು ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡಂತೆ ಇಟ್ಟುಕೊಂಡಳು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹಾಳಾದ ಕ್ಲಬ್ಬು ಸೋಲುವುದನ್ನೇ ಮರೆತಿತ್ತು. ಗಂಟಲು ಸಂಘಕ್ಕೆ ಈಗ ಮುನ್ನೂರು ಜನ. ಬಸ್ ಚಾಲಕರು, ನರ್ಸುಗಳು, ಲಾಂಡ್ರಿಯ ಮಾಲೀಕ ಕೂಡ ಸೇರಿಕೊಂಡರು. ಅಜ್ಜಿಯನ್ನು ಕುರ್ಚಿ ಸಮೇತ ಹೊತ್ತು ಮೈದಾನಕ್ಕೆ ಒಯ್ಯುತ್ತಿದ್ದರು. ಭಾನುವಾರ ಸಂಜೆ ಬೀದಿ ಕೊನೆಯಲ್ಲಿ ಡೋಲು ಕೇಳಿಸಿದರೆ ಇಸ್ತ್ರಿಯಮ್ಮ ಬಾಗಿಲಿಗೆ ಓಡುತ್ತಿದ್ದಳು. ಗೆದ್ದ ಮುಖ ಕಂಡರೆ ಒಳಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗಾಗಿತ್ತು ಮನೆ. ನೊಗ ಮಾತ್ರ ಇವಳ ಹೆಗಲ ಮೇಲೆ.

ಸೆಮಿಫೈನಲ್‌ಗೆ ಎರಡು ದಿನ ಇರುವಾಗ ಮಗಳು ಇನ್ನೊಂದು ಡೋಲು ತಂದಳು.

"ಇದು ಮನೆಯೋ, ಮದುವೆ ಮಂಟಪವೋ?" ಎಂದು ಇಸ್ತ್ರಿಯಮ್ಮ ಸೌಟು ಕೆಳಗಿಟ್ಟಳು. "ನಾಳೆಯಿಂದ ನಿಮ್ಮ ಸಂಘ ಇಲ್ಲಿ ಬೇಡ. ಸಾಕಾಗಿದೆ."

"ಏನಮ್ಮ ನಿಂದು? ಊರಿಗೆಲ್ಲ ಖುಷಿ, ನಾವು ಗೆದ್ರೆ ನಿನ್ನ ಮುಖ ಮಾತ್ರ ಸುಟ್ಟ ಬ್ರೆಡ್ಡಿನ ಥರ ಆಗುತ್ತೆ. ನೋಡಿಲ್ಲ ಅಂದ್ಕೊಂಡಿದೀಯಾ?"

"ಬಾಯಿ ಮುಚ್ಚು."

"ಅಪ್ಪ ಇಪ್ಪತ್ತೆರಡು ವರ್ಷ ಒಂದು ಭಾನುವಾರನೂ ಮನೇಲಿರ್ಲಿಲ್ಲ. ಅವ್ರಿಗೆ ಅಂಗಿ ಒಗೆದು ಮಡಿಸಿ ಕೊಟ್ಟೆ. ನಾನು ಮೂರು ತಿಂಗಳು ಕೂಗಿದ್ರೆ ನಿಂಗೆ ಹೊಟ್ಟೆ ಉರಿ!"

"ಹೊಟ್ಟೆ ಉರಿನಾ?" ಇಸ್ತ್ರಿಯಮ್ಮನ ಧ್ವನಿ ಸೀಳಿತು. "ನೀವು ಸೆಮಿಫೈನಲ್ ಗೆದ್ರೆ ನಿಮ್ಮಪ್ಪನಿಗೆ ಫೈನಲ್ ಇಲ್ಲ ಕಣೇ! ನಿಮ್ಮ ಪಂದ್ಯಕ್ಕೆ ಅವ್ರು ಊದೋ ಹಾಗಿಲ್ಲ. ಆ ದರಿದ್ರ ಬಾವುಟದ ನೀರಲ್ಲಿ ನಾನು ಅವ್ರ ಅಂಗಿ ಅದ್ದಿದ್ದಕ್ಕೆ! ಇನ್ನೊಂದು ವರ್ಷ ಅವ್ರಿಗಿಲ್ಲ. ಈಗ ಬಾರ್ಸು ಡೋಲು, ಬಾರ್ಸು!"

ಮಾತು ಆಡಿದರೆ ಹೋಯಿತು. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು, ಯಾರೂ ಆರಿಸಲಿಲ್ಲ. ಅಜ್ಜಿಗೆ ಎಲ್ಲವೂ ಕೇಳಿಸಿತ್ತು. ಮೊದಲ ಸಲ ಅವಳು ನಿಜವಾಗಿ ಕಿವುಡಿಯಂತೆ ಗೋಡೆ ನೋಡುತ್ತ ಕೂತಳು.

ಮರುದಿನ ಮಗಳು ಬಸ್ ನಿಲ್ದಾಣದಲ್ಲಿ ಹೋಗಿದ್ದ ಬಸ್ಸನ್ನು ಬರುತ್ತಿದೆ ಎಂದೂ, ಬಂದ ಬಸ್ಸನ್ನು ಹೋಯಿತು ಎಂದೂ ಕೂಗಿ ಮೇಲಿನವರಿಂದ ಬೈಸಿಕೊಂಡಳು.

ಸೆಮಿಫೈನಲ್ ದಿನ ಮಾಸ್ತರನಿಗೆ ಯಾವ ಪಂದ್ಯವೂ ಇರಲಿಲ್ಲ. ಬೆಳಿಗ್ಗೆಯಿಂದ ಮನೆಯಲ್ಲಿ ಕೂತ, ಎದ್ದ, ನಲ್ಲಿ ತಿರುಗಿಸಿ ನೋಡಿದ, ಮತ್ತೆ ಕೂತ. ಕೊನೆಗೆ, "ಬಾ, ನಾವೂ ನೋಡೋಣ," ಎಂದ. ಇಸ್ತ್ರಿಯಮ್ಮ ಗಂಡನ ಜೊತೆ ಮೈದಾನಕ್ಕೆ ಹೋದದ್ದು ಅದೇ ಮೊದಲು. ಅಲ್ಲಿ ಮಾಸ್ತರನಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ. ಸೀಟಿಯಿಲ್ಲದ ಕೈಗಳನ್ನು ಜೇಬಿಗೆ ಹಾಕಿದ, ತೆಗೆದ.

ಎದುರಿಗಿದ್ದದ್ದು ಗಿರಣಿಯವರ ತಂಡ, ಬಲವಾದದ್ದು. ಮೊದಲ ಅರ್ಧದಲ್ಲೇ ಒಂದು ಗೋಲು ಹೊಡೆಯಿತು. ಗಂಟಲು ಸಂಘದ ಮುನ್ನೂರು ಜನ ಮಗಳ ಮುಖ ನೋಡಿದರು. ಅವಳು ಕೈ ಎತ್ತಿದರೆ ತಾನೇ ಕೂಗು ಏಳುವುದು? ಅವಳು ಬಾವುಟವನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದಳು. ಅಜ್ಜಿಯೊಬ್ಬಳೇ ಎರಡು ಸಲ "ಬಂತು ಬಂತು" ಎಂದು ನೋಡಿ, ಮೊಮ್ಮಗಳ ಕಡೆ ತಿರುಗಿ, ಅವಳೂ ನಿಲ್ಲಿಸಿದಳು. ಮೈದಾನ ಸಾವಿನ ಮನೆಯಾಯಿತು. ಕಿತ್ತಳೆ ಅಂಗಿಯ ಹುಡುಗರು ಓಡುತ್ತ ಓಡುತ್ತ ಈ ಕಡೆ ನೋಡುತ್ತಿದ್ದರು.

ಮಾಸ್ತರ ಇದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಹೇಳ್ಬಿಟ್ಯಾ?"

"ಹೇಳ್ಬಿಟ್ಟೆ ರೀ. ತಡ್ಕೊಳ್ಳೋಕಾಗ್ಲಿಲ್ಲ."

ಅವನು ಜನರನ್ನು ಸರಿಸಿಕೊಂಡು ಮುಂದೆ ಹೋದ; ಇಸ್ತ್ರಿಯಮ್ಮ ಹಿಂದೆಯೇ ಓಡಿದಳು.

"ಯಾಕೆ ಸುಮ್ನಿದೀಯ?" ಎಂದು ಮಗಳನ್ನು ಕೇಳಿದ.

"ಗಂಟಲು ನೋವು ಅಪ್ಪ."

"ಅಪ್ಪನ ಹತ್ರ ಸುಳ್ಳು ಬೇಡ. ನೋಡಮ್ಮಾ, ಇಪ್ಪತ್ತೆರಡು ವರ್ಷ ನಾನು ಯಾರಿಗೂ ಒಂದಿಂಚು ಬಿಟ್ಕೊಟ್ಟಿಲ್ಲ, ಯಾರಿಂದನೂ ಒಂದಿಂಚು ಕಿತ್ಕೊಂಡಿಲ್ಲ. ನೀನು ಹೀಗೆ ಬಾಯಿ ಮುಚ್ಚಿ ನಿಂತು ಆ ಹುಡುಗ್ರು ಸೋತ್ರೆ, ಫೈನಲ್‌ನಲ್ಲಿ ನಾನು ಊದೋದು ಕಳ್ಳ ಸೀಟಿ. ಅಂಥ ಫೈನಲ್ ನಂಗೆ ಬೇಡ." ಅವಳು ಎದೆಗೊತ್ತಿಕೊಂಡಿದ್ದ ಬಾವುಟವನ್ನು ಎಳೆದು ಬಿಚ್ಚಿದ. "ಕೂಗು."

ಮಗಳ ಕಣ್ಣಲ್ಲಿ ನೀರು ತುಂಬಿತು. "ಆಗಲ್ಲ ಅಪ್ಪ."

"ಕೂಗೇ ಅಂದ್ರೆ!"

ಅಜ್ಜಿ ಕುರ್ಚಿಯಿಂದಲೇ ಮೊಮ್ಮಗಳ ಹೊಟ್ಟೆಗೆ ಒಂದು ಗುದ್ದು ಕೊಟ್ಟಳು. "ಇಲ್ಲಿಂದ ಬರ್ಲಿ!"

ಬಂತು. ಅಳುವೋ ಕೂಗೋ ತಿಳಿಯದ ಒಂದು ದನಿ ಮೊದಲು ಬಂತು, ಆಮೇಲೆ ಮುನ್ನೂರು ಗಂಟಲು ಅದನ್ನು ಎತ್ತಿಕೊಂಡವು. ಒಂದು ಗೋಲು ತಗೊಳ್ಳಿ, ಇನ್ನೊಂದು ಕೊಸರು! ಟೈರಂಗಡಿಯವನು ಒಂದು ಹೊಡೆದ. ಪಂದ್ಯ ಮುಗಿಯಲು ಎರಡು ನಿಮಿಷ ಇರುವಾಗ ಕೊಸರೂ ಬಂತು. ಜನ ಒಬ್ಬರನ್ನೊಬ್ಬರು ಎತ್ತಿ ಕುಣಿಯುತ್ತಿದ್ದಾಗ ಇಸ್ತ್ರಿಯಮ್ಮ ಗಂಡನ ಕೈ ಹಿಡಿದುಕೊಂಡಳು. ಅವನು ಮೈದಾನದ ನಡುವೆ ಕೊನೆಯ ಸೀಟಿ ಊದುತ್ತಿದ್ದ ರೆಫರಿಯನ್ನೇ ನೋಡುತ್ತಿದ್ದ.

"ಚೆನ್ನಾಗಿ ನಡೆಸ್ದ," ಎಂದ. "ಫೈನಲ್ ಅವನಿಗೇ ಕೊಡ್ತಾರೆ."

ಆ ವಾರವೆಲ್ಲ ಇಸ್ತ್ರಿಯಮ್ಮನಿಗೆ ಒಂದೇ ಹುಚ್ಚು. ಕುರ್ಚಿಯ ಮೇಲಿದ್ದ ಅಂಗಿಯನ್ನು ಲಾಂಡ್ರಿಗೆ ಒಯ್ದಳು. ನಿಂಬೆಹಣ್ಣು ಉಜ್ಜಿದಳು, ಸೋಡಾ ಹಾಕಿದಳು, ಬಿಸಿಲಿಗೆ ಹರಡಿದಳು. ಬಣ್ಣ ಜಪ್ಪಯ್ಯ ಅನ್ನಲಿಲ್ಲ. ಬ್ಲೀಚು ಹಾಕಿದರೆ ಕಪ್ಪೂ ಹೋಗುತ್ತದೆ. ಕೊನೆಗೆ ಕಾಲರಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ಕಾಲರನ್ನಷ್ಟೇ ಬ್ಲೀಚಿನಲ್ಲಿಟ್ಟು, ಮತ್ತೆ ಅಂಗಿಗೆ ಹೊಲಿದಳು. "ಯಾರಿಗೇ ಇದು? ಮಾಸ್ತರದ್ದು ಮುಗೀತಲ್ಲ," ಎಂದು ಜೊತೆಯವಳು ಕೇಳಿದರೆ, "ನನಗೆ," ಎಂದಳು.

ಫೈನಲ್ ದಿನ ಬೆಳಿಗ್ಗೆ ಅಂಗಿಯನ್ನು ಇಸ್ತ್ರಿ ಮಾಡಿ ಗಂಡನ ಮುಂದಿಟ್ಟಳು. ಕಾಲರು ಹಾಲಿನಂತೆ ಬೆಳ್ಳಗಿತ್ತು.

ಮಾಸ್ತರ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಕಲೆ ಎಲ್ಲಿ?"

"ತೆಗ್ದೆ. ಆರು ದಿನ ಹಿಡೀತು. ನೀವು ಬಿಳಿ ಕಾಲರಲ್ಲೇ ಬಂದೋರು, ಬಿಳಿ ಕಾಲರಲ್ಲೇ ಇರ್ಬೇಕು."

ನಡುಮನೆಯಲ್ಲಿ ಮಗಳು ಡೋಲಿನ ಹಗ್ಗ ಬಿಗಿಯುತ್ತಿದ್ದಳು. ಅಪ್ಪ ಇವತ್ತು ಬರುತ್ತಾರೋ ಇಲ್ಲವೋ ಎಂದು ಕೇಳಲು ಅವಳಿಗೆ ಧೈರ್ಯ ಸಾಲದೆ, ಒಂದೇ ಗಂಟನ್ನು ನಾಲ್ಕು ಸಲ ಹಾಕಿದ್ದಳು.

"ನಿನ್ನೆ ಸಂಘದ ಹೊಸ ದೊಡ್ಡ ಬಾವುಟ ನೆನೆಸಿದ್ಯಲ್ಲ," ಎಂದು ಮಾಸ್ತರ ಹೆಂಡತಿಯನ್ನು ಕೇಳಿದ. "ಆ ನೀರು ಚೆಲ್ಲಿದ್ಯಾ?"

"ಇಲ್ಲ, ಟಬ್ಬಲ್ಲೇ ಇದೆ. ಯಾಕೆ?"

"ಇದನ್ನ ಅದ್ದು."

"ಏನಂದ್ರಿ?"

"ಬಿಳಿ ಕಾಲರು ಹಾಕ್ಕೊಂಡು ಆ ಮುನ್ನೂರು ಜನರ ಮಧ್ಯೆ ಹೇಗೆ ನಿಲ್ಲೋದೇ? ಎದುರು ತಂಡದೋನು ಅಂದ್ಕೊಂಡಾರು."

"ನಿಮಗೇನು ತಲೆ ಕೆಟ್ಟಿದ್ಯಾ? ಬೆರಳು ಕಿತ್ತುಬರೋ ಹಾಗೆ ತಿಕ್ಕಿದೀನಿ!"

"ಗೊತ್ತು ಕಣೇ. ಅದ್ದು."

ಡೋಲಿನ ಹತ್ತಿರ ಸದ್ದು ನಿಂತಿತು. ಇಸ್ತ್ರಿಯಮ್ಮ ಗಂಡನ ಮುಖ ನೋಡಿದಳು, ಅಂಗಿ ನೋಡಿದಳು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ, ಕಾಲರನ್ನು ತನ್ನ ಕೈಯಾರೆ ಕಿತ್ತಳೆ ನೀರಿಗೆ ಅದ್ದಿದಳು. ಹೊಸ ಬಲ್ಬಿನ ಬೆಳಕಲ್ಲಿ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಮಾಸ್ತರ ಬಂದು ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತ.

"ಹಿಡೀತಾ?"

"ಇಷ್ಟು ಬೇಗ ಹಿಡಿಯಲ್ಲ. ಅವತ್ತು ಬೇಡ ಅಂದಾಗ ಹಿಡೀತು, ಇವತ್ತು ಬೇಕು ಅಂದ್ರೆ ಸತಾಯಿಸುತ್ತೆ."

"ಕಾಯೋಣ. ಇನ್ನೂ ಎರಡು ಗಂಟೆ ಇದೆ."

"ಗಂಡ ಹೆಂಡತಿ ಬಚ್ಚಲಲ್ಲಿ ಸಂಸಾರ ಹೂಡಿದ್ರಾ?" ಎಂದು ಹೊರಗಿನಿಂದ ಅಜ್ಜಿ ತೆರೆದ ಬಾಗಿಲನ್ನೇ ಬಡಿದಳು. "ನಾನು ಗಂಟಲು ತೊಳ್ಕೋಬೇಕು! ಇವತ್ತು ಫೈನಲ್ಲು!"

ಯಾರೂ ಏಳಲಿಲ್ಲ. ಮೊಣಕೈವರೆಗೆ ಕಿತ್ತಳೆಯಾದ ಕೈಗಳಿಂದ ಇಸ್ತ್ರಿಯಮ್ಮ ಕಾಲರನ್ನು ಹಿಂಡಿ, ಬೆಳಕಿಗೆ ಹಿಡಿದು, ಸಾಲದೆಂದು ಮತ್ತೆ ಅದ್ದಿದಳು. ಒಣಗಿಸಲು ಹೊತ್ತಿರಲಿಲ್ಲ. ಒದ್ದೆ ಅಂಗಿಯನ್ನೇ ತೊಟ್ಟು ಮಾಸ್ತರ ಹೊರಬಂದಾಗ ಕಾಲರಿನಿಂದ ಕುತ್ತಿಗೆಗೆ ಬಣ್ಣ ಇಳಿಯುತ್ತಿತ್ತು. ಮಗಳು ಡೋಲು ಬಿಟ್ಟು ಓಡಿಬಂದು ಅಪ್ಪನನ್ನು ಅಪ್ಪಿಕೊಂಡಳು. ಅವಳ ಕೆನ್ನೆಗೂ ಬಣ್ಣ ಹತ್ತಿತು.

"ಅಮ್ಮಾ," ಎಂದು ಮಾಸ್ತರ ಅಜ್ಜಿಯ ಕುರ್ಚಿ ಎತ್ತಲು ಅದರ ಒಂದು ಕಾಲು ಹಿಡಿದ, "ಕೂಗೋದು ಎಲ್ಲಿಂದ ಅಂದ್ರಿ?"

ಇಸ್ತ್ರಿಯಮ್ಮ ಬಾಗಿಲು ಹಾಕುವಾಗ ಒಳಗೆ ನೋಡಿದಳು. ಮಾಸ್ತರನ ಸೀಟಿ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಬೀಗ ಹಾಕಿ ಅವರ ಹಿಂದೆ ಓಡಿದಳು.